ಆಡು ಮಗಾ, ಏನಾಗಲ್ಲ

ಭಾನುವಾರ ಬೆಳಗ್ಗೆ ಆರೂವರೆಗೆ ಚಾಮರಾಜಪೇಟೆಯಲ್ಲಿ ಎದ್ದಿರೋದು ಮೂರೇ ಥರದ ಜನ. ಹಾಲಿನವರು, ವಾಕಿಂಗ್ ಅಂಕಲ್‌ಗಳು, ಆಮೇಲೆ ನಾವು.

ನಾವು ಅಂದ್ರೆ ಒಂದು ಹದಿನಾಲ್ಕು ಜನ. ವಾರವಿಡೀ ಲ್ಯಾಪ್‌ಟಾಪಿಗೆ ಅಂಟಿಕೊಂಡಿದ್ದು, ಭಾನುವಾರ ಒಂದೂವರೆ ಗಂಟೆ ಮಾತ್ರ ನಾವೂ ಆಟಗಾರರು ಅಂತ ನಂಬಿಕೊಂಡಿರುವವರು. ಒಬ್ಬ ಬ್ಯಾಂಕಿನವನು, ಒಬ್ಬ ಗಾಂಧಿ ಬಜಾರಿನಲ್ಲಿ ಅಪ್ಪನ ಅಂಗಡಿ ನೋಡ್ಕೊಳ್ಳೋನು, ಉಳಿದವರೆಲ್ಲ ಹೆಚ್ಚುಕಮ್ಮಿ ಐಟಿ. ಮದುವೆಯಾದವರು ಎಂಟೂವರೆಯೊಳಗೆ ಮನೆ ಸೇರಬೇಕು. ಆಗದವರು ವಿದ್ಯಾರ್ಥಿ ಭವನದ ಕ್ಯೂ ಸೇರ್ತಾರೆ. ಹೀಗೆ ಆರು ವರ್ಷ ನಡೆದಿತ್ತು. ನಮ್ಮಲ್ಲಿದ್ದ ನಿಯಮ ಒಂದೇ: ಬಾಲ್ ತಂದವನ ಟೀಮಿಗೆ ಮೊದಲ ಕಿಕ್.

ಹೋದ ವರ್ಷ ಬೇಸಿಗೆಯ ಶುರುವಿನಲ್ಲಿ ಒಂದು ಕಾರ್ನರ್ ಕಿಕ್ ಬಂತು. ಇಬ್ಬರು ಒಟ್ಟಿಗೆ ಹೆಡ್ ಮಾಡೋಕೆ ನೆಗೆದರು. ತೆಂಗಿನಕಾಯಿ ಈಡುಗಾಯಿ ಹಾಕಿದ ಹಾಗೆ ಒಂದು ಸದ್ದು. ಒಬ್ಬ ಹಣೆ ಉಜ್ಜಿಕೊಂಡು ಎದ್ದ. ಇನ್ನೊಬ್ಬ, ನಮ್ಮ ಬ್ಯಾಂಕಿನವನು, ನೆಲದ ಮೇಲೆ ಕೂತೇ ಇದ್ದ. ತಲೆಗೆ ನೀರು ಹಾಕಿದೆವು. ರಕ್ತ ಇಲ್ಲ, ಬುಗುಟು ಮಾತ್ರ. ಸ್ಕೋರ್ 3-3. ಅವತ್ತು ಬದಲಿ ಆಟಗಾರರು ಯಾರೂ ಇರಲಿಲ್ಲ. ನಾನೇ ಅವನ ಕೈ ಹಿಡಿದು ಎಬ್ಬಿಸಿ ಬೆನ್ನು ತಟ್ಟಿದೆ. "ಆಡು ಮಗಾ, ಏನಾಗಲ್ಲ."

ಅವನು ಆಡಿದ. ಮಧ್ಯೆ ನನ್ನ ಹತ್ತಿರ ಬಂದು "ಸ್ಕೋರ್ ಎಷ್ಟು ಗುರು?" ಅಂದ. ಹೇಳಿದೆ. ಎರಡು ನಿಮಿಷಕ್ಕೆ ಮತ್ತೆ ಕೇಳಿದ. ನಾವೆಲ್ಲ ನಕ್ಕೆವು. ಮೂರನೇ ಸಲ ಕೇಳಿದಾಗಲೂ ನಗ್ತಾನೇ ಇದ್ದೆವು. ಆಟ ಮುಗಿಸಿ ಬೈಕ್ ಹತ್ತಿರ ಹೋದಾಗ ಅವನು ಮೋರಿ ಪಕ್ಕ ಕೂತು ವಾಂತಿ ಮಾಡಿದ. ಆಗ ನಗು ನಿಂತಿತು.

ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿದರು. ಒಳಗೆ ರಕ್ತಸ್ರಾವ ಇಲ್ಲ, ದೇವರು ದೊಡ್ಡವನು. ಆದರೆ ಕನ್ಕಷನ್ ಆಗಿದೆ ಅಂದರು ಡಾಕ್ಟರು. ತಲೆಗೆ ಪೆಟ್ಟು ಬಿದ್ದಾಗ ಬುರುಡೆಯೊಳಗೆ ಮೆದುಳು ಅಲುಗಾಡಿ ಆಗುವ ಗಾಯ ಅದು. ಪ್ರಜ್ಞೆ ತಪ್ಪಲೇಬೇಕು ಅಂತಿಲ್ಲ, ಸ್ಕ್ಯಾನಿನಲ್ಲಿ ಕಾಣಲೇಬೇಕು ಅಂತಲೂ ಇಲ್ಲ. ಲಕ್ಷಣಗಳು ಗಂಟೆಗಟ್ಟಲೆ ತಡವಾಗಿ ಬರಬಹುದು. ಅದು ವಾಸಿಯಾಗೋ ಮೊದಲೇ ಇನ್ನೊಂದು ಪೆಟ್ಟು ಬಿದ್ದರೆ ಜೀವಕ್ಕೇ ಕುತ್ತು. ಇಷ್ಟು ಹೇಳಿ ಡಾಕ್ಟರು ತಲೆ ಎತ್ತಿ ಕೇಳಿದರು, "ಪೆಟ್ಟು ಬಿದ್ದ ಮೇಲೂ ಆಡಿದ್ರಾ? ಯಾರು ಆಡಿಸಿದ್ದು?"

ನಾನು ಗೋಡೆ ಮೇಲಿದ್ದ ಕ್ಯಾಲೆಂಡರ್ ನೋಡ್ತಾ ನಿಂತೆ.

ಹೊರಗೆ ಕಾರಿಡಾರಿನಲ್ಲಿ ಅವನ ಹೆಂಡತಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ನೀವು ಅಲ್ಲೇ ಇದ್ರಲ್ಲ" ಅಂದರು, ಅಷ್ಟೇ. ಅವನು ಒಂದೂವರೆ ತಿಂಗಳು ಕಂಪ್ಯೂಟರ್ ಪರದೆ ನೋಡೋಕಾಗದೆ ರಜೆ ಹಾಕಿ ಮನೆಯಲ್ಲಿ ಕೂತ. ಮಗಳು ಟಿವಿ ಹಾಕಿದರೆ ತಲೆನೋವು, ಮಿಕ್ಸಿ ಸದ್ದಿಗೆ ತಲೆನೋವು.

ಆ ದಿನಗಳಲ್ಲಿ ರಾತ್ರಿ ನಿದ್ದೆ ಬರದೆ ಓದಿದ್ದು ಜಾಸ್ತಿ. 2014ರ ವಿಶ್ವಕಪ್ ಫೈನಲ್ ನಾವೆಲ್ಲ ಕೂತು ನೋಡಿದ್ದೇವೆ. ಜರ್ಮನಿಯ ಕ್ರಿಸ್ಟೋಫ್ ಕ್ರಾಮರ್ ಮುಖಕ್ಕೆ ಎದುರಾಳಿಯ ಭುಜ ಬಡಿಯಿತು. ಅವನು ಎದ್ದು ಸುಮಾರು ಕಾಲು ಗಂಟೆ ಆಡಿದ. ಆಮೇಲೆ ರೆಫರಿಯ ಹತ್ತಿರ ಹೋಗಿ, ಇದು ಫೈನಲ್ ಪಂದ್ಯವಾ ಅಂತ ಕೇಳಿದ. ರೆಫರಿ ಗಾಬರಿಯಾಗಿ ಜರ್ಮನಿಯವರಿಗೆ ತಿಳಿಸಿದ ಮೇಲೆ ಅವನನ್ನ ಹೊರಗೆ ಕರೆದರು. ಜಗತ್ತಿನ ಅತಿ ದೊಡ್ಡ ಪಂದ್ಯ, ಪಕ್ಕದಲ್ಲೇ ಡಾಕ್ಟರುಗಳ ದಂಡು. ಅಲ್ಲೂ ಅದೇ ಕಥೆ. ನಮ್ಮವನು ಸ್ಕೋರ್ ಕೇಳಿದ, ಅವನು ಪಂದ್ಯ ಯಾವುದು ಅಂತ ಕೇಳಿದ. ಆಟದ ನಿಯಮಗಳನ್ನು ಬರೆಯುವ ಐಫ್ಯಾಬ್ ಅನ್ನೋ ಸಂಸ್ಥೆ 2021ರಲ್ಲಿ ಪ್ರಯೋಗ ಶುರುಮಾಡಿತು. ತಲೆಗೆ ಪೆಟ್ಟಾದವನ ಬದಲಿಗೆ ಹೆಚ್ಚುವರಿಯಾಗಿ ಒಬ್ಬನನ್ನ ಇಳಿಸಬಹುದು, ಅದು ಮಾಮೂಲಿ ಬದಲಾವಣೆಗಳ ಲೆಕ್ಕಕ್ಕೆ ಬರಲ್ಲ. 2024ರಲ್ಲಿ ಅದು ನಿಯಮ ಪುಸ್ತಕವನ್ನೇ ಸೇರಿತು. ಲೆಕ್ಕ ಸರಳ. ಹೊರಗೆ ಕರೆದರೆ ತಂಡಕ್ಕೆ ನಷ್ಟ ಅನ್ನೋ ಭಯ ಇರೋವರೆಗೂ ಯಾರೂ ಹೊರಗೆ ಕರೆಯಲ್ಲ. ಅವತ್ತು ನಾನು ಕರೆದೆನಾ?

ಇದನ್ನೆಲ್ಲ ಓದುವಾಗ ಮಾವ ನೆನಪಾದರು. ನನ್ನ ಸೋದರಮಾವ, ಮಲ್ಲೇಶ್ವರದವರು, ಫುಟ್‌ಬಾಲ್ ಹುಚ್ಚು. 2004ರ ಡಿಸೆಂಬರ್ 5, ಅದೂ ಭಾನುವಾರವೇ. ಕಂಠೀರವ ಸ್ಟೇಡಿಯಂನಲ್ಲಿ ಫೆಡರೇಷನ್ ಕಪ್ ಫೈನಲ್, ಗೋವಾದ ಡೆಂಪೊ ಮತ್ತು ಕೋಲ್ಕತ್ತದ ಮೋಹನ್ ಬಾಗಾನ್. ನನ್ನನ್ನೂ ಕರ್ಕೊಂಡು ಹೋಗ್ತೀನಿ ಅಂದಿದ್ದರು. ಮಾರನೇ ದಿನ ಟೆಸ್ಟ್ ಇದೆ ಅಂತ ಅಮ್ಮ ಬಿಡಲಿಲ್ಲ. ನಾನು ಅಳ್ತಾ ಮನೆಯಲ್ಲೇ ಉಳಿದೆ.

ಅವತ್ತು ಡೆಂಪೊದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ಎರಡು ಗೋಲು ಹೊಡೆದ. ಎರಡನೆಯದನ್ನು ಹೊಡೆಯುವಾಗಲೇ ಮುನ್ನುಗ್ಗಿ ಬಂದ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದ. ಏಳಲಿಲ್ಲ. ಆಸ್ಪತ್ರೆ ಸೇರುವ ಹೊತ್ತಿಗೆ ಮುಗಿದುಹೋಗಿತ್ತು. 25 ವರ್ಷ ವಯಸ್ಸು. ಡೆಂಪೊ 2-0ಯಿಂದ ಗೆದ್ದಿತು, ಅವನು ತೊಡುತ್ತಿದ್ದ ಹತ್ತನೇ ನಂಬರಿನ ಜೆರ್ಸಿಯನ್ನು ಮತ್ತೆ ಯಾರಿಗೂ ಕೊಡಲಿಲ್ಲ. ಮೈದಾನದಲ್ಲಿ ವೈದ್ಯಕೀಯ ವ್ಯವಸ್ಥೆ ಸಾಲದಾಗಿತ್ತು ಅಂತ ದೇಶದ ತುಂಬ ಟೀಕೆ ಬಂತು. ಆ ಗೋಲ್‌ಕೀಪರ್ ಸುಬ್ರತಾ ಪಾಲ್, ಆಗಿನ್ನೂ ಹದಿನೆಂಟರ ಆಸುಪಾಸಿನ ಹುಡುಗ. ಮುಂದೆ 2011ರ ಏಷ್ಯನ್ ಕಪ್‌ನಲ್ಲಿ ಭಾರತದ ಗೋಲು ಕಾಯ್ದ ಅದೇ ಸುಬ್ರತಾ.

ಮಾವ ರಾತ್ರಿ ನಮ್ಮ ಮನೆಗೆ ಬಂದರು, ಊಟ ಮಾಡಲಿಲ್ಲ. "ಗೋಲ್ ಅಂತ ಕಿರುಚ್ತಾ ಇದ್ವಿ ಕಣೋ" ಅಂದರು. "ಅವನು ಬಿದ್ದಿದ್ದಾನೆ, ನಾವಿನ್ನೂ ಕಿರುಚ್ತಾನೇ ಇದ್ವಿ." ಅದು ಎಷ್ಟು ವರ್ಷವಾದರೂ ಅವರನ್ನ ಬಿಡಲಿಲ್ಲ. ನನಗೆ ಆಗ ಅರ್ಥ ಆಗಿರಲಿಲ್ಲ. "ಸ್ಕೋರ್ ಎಷ್ಟು?" ಅಂದಾಗ ನಕ್ಕ ಮೇಲೆ ಅರ್ಥವಾಯಿತು.

ಸರಿ, ನಿಯಮ ಮಾಡೋಣ ಅಂತ ಗುಂಪಿನಲ್ಲಿ ಹೇಳಿದೆ. ನೀವು ಊಹಿಸಿದ ಹಾಗೇ ಆಯಿತು. "ಮಗಾ, ಇದು ಫುಟ್‌ಬಾಲ್, ಕೇರಂ ಅಲ್ಲ." "ಹೆಲ್ಮೆಟ್ ಹಾಕ್ಕೊಂಡು ಬರ್ಬೇಕಾ?" ಇವರಿಗಿಂತ ಗಟ್ಟಿ ವಿರೋಧ ನಮ್ಮ ಎದುರು ಮನೆ ತಾತನದು. ಎಂಬತ್ತು ದಾಟಿದವರು, ಬೆಳಗ್ಗೆ ಮೈದಾನದ ಕಟ್ಟೆ ಮೇಲೆ ಕೂತು ನಮ್ಮ ಆಟ ನೋಡಿ ಬೈಯೋದೇ ಅವರ ವ್ಯಾಯಾಮ. "ನಾವು ಬರಿಗಾಲಲ್ಲಿ ಆಡ್ತಿದ್ವಿ ಕಣಯ್ಯಾ. ನಿಮ್ ಥರ ಎಲ್ಲಕ್ಕೂ ಅಳ್ತಾ ಇರ್ಲಿಲ್ಲ."

ತಾತ ಹೇಳೋದು ಸುಳ್ಳಲ್ಲ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಬಹುತೇಕ ಆಟಗಾರರು ಬರಿಗಾಲಲ್ಲೇ ಆಡಿ ಫ್ರಾನ್ಸಿಗೆ ಬೆವರಿಳಿಸಿ 2-1ರಿಂದ ಸೋತರು. ಆ ಒಂದು ಗೋಲು ಹೊಡೆದದ್ದು ಸಾರಂಗಪಾಣಿ ರಾಮನ್, ಆಗಿನ ಮೈಸೂರು ತಂಡದವರು. ಬೆಂಗಳೂರಿನ ಅಹ್ಮದ್ ಖಾನ್ ಕೂಡ ಅದೇ ತಂಡದಲ್ಲಿದ್ದರು. ತಾತನಿಗೆ ಇವರ ಹೆಸರು ಹೇಳುವಾಗ ಈಗಲೂ ದನಿ ಏರುತ್ತೆ. ಆದರೆ ಕಥೆಯ ಇನ್ನರ್ಧ ಅವರು ಹೇಳಲ್ಲ. ನಾಲ್ಕು ವರ್ಷದ ನಂತರ ಹೆಲ್ಸಿಂಕಿಯ ಚಳಿಯಲ್ಲಿ ಯುಗೊಸ್ಲಾವಿಯ ವಿರುದ್ಧ 10-1. ನಮ್ಮ ಆ ಒಂದು ಗೋಲು ಅಹ್ಮದ್ ಖಾನ್ ಹೊಡೆದದ್ದು. ಅದಾದ ಮೇಲೆ ದೇಶದ ಫುಟ್‌ಬಾಲ್ ಸಂಸ್ಥೆ ಬೂಟು ಕಡ್ಡಾಯ ಮಾಡಿತು. ಬೂಟು ಹಾಕಿಕೊಂಡ ಅದೇ ಭಾರತ 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಪಡೆಯಿತು. ಬೂಟಿನಿಂದಲೇ ಅಂತ ನಾನು ಹೇಳಲ್ಲ. ಬೂಟಿನಿಂದ ಆಟ ಕೆಡಲಿಲ್ಲ ಅಂತ ಮಾತ್ರ ಹೇಳ್ತೀನಿ.

ಇದನ್ನ ತಾತನಿಗೂ ಹೇಳಿದೆ. ಅವರು ಸುಮ್ಮನೆ ಚಪ್ಪಲಿ ಬಿಟ್ಟು ಎಡಗಾಲು ಚಾಚಿದರು. ಹೆಬ್ಬೆರಳು ಪಕ್ಕಕ್ಕೆ ತಿರುಗಿಕೊಂಡು ಗಟ್ಟಿಯಾಗಿತ್ತು. "ಯಾರದ್ದೋ ಬೂಟು ತುಳಿದಿದ್ದು. ಪುತ್ತೂರು ಕಟ್ಟು ಕಟ್ಟಿಸಿದ್ರು, ಸರಿಯಾಗಿ ಕೂಡ್ಲಿಲ್ಲ. ಮಳೆ ಬಂದ್ರೆ ಇನ್ನೂ ನೋಯುತ್ತೆ." ಆಮೇಲೆ ಬೂಟಿನ ವಿಷಯ ಅವರು ಎತ್ತಲಿಲ್ಲ.

ನಾವು ಇವತ್ತು ಸಹಜ ಅಂದುಕೊಂಡಿರೋ ಎಷ್ಟೋ ನಿಯಮಗಳು ಹೀಗೇ ಯಾರದ್ದೋ ನೋವಿನಿಂದ ಬಂದವು. 1956ರ ಎಫ್‌ಎ ಕಪ್ ಫೈನಲ್‌ನಲ್ಲಿ ಮ್ಯಾಂಚೆಸ್ಟರ್ ಸಿಟಿಯ ಗೋಲಿ ಬರ್ಟ್ ಟ್ರೌಟ್‌ಮನ್ ಕುತ್ತಿಗೆಗೆ ಪೆಟ್ಟಾದರೂ ಕೊನೆವರೆಗೆ ಆಡಿದರು. ಬದಲಿ ಆಟಗಾರರ ಪದ್ಧತಿಯೇ ಇರಲಿಲ್ಲ. ಕೆಲವು ದಿನಗಳ ನಂತರ ಗೊತ್ತಾಯಿತು, ಮುರಿದಿದ್ದು ಕುತ್ತಿಗೆಯ ಮೂಳೆ. ನಾವು ಅದನ್ನ ವೀರಗಾಥೆ ಅಂತ ಹೇಳ್ತೀವಿ. ಕಾಲಿಗೆ ಶಿನ್ ಗಾರ್ಡ್ ಕಡ್ಡಾಯವಾದದ್ದು 1990ರಲ್ಲಿ. 2015ರಲ್ಲಿ ಅಮೆರಿಕದ ಫುಟ್‌ಬಾಲ್ ಸಂಸ್ಥೆ ಹತ್ತು ವರ್ಷದೊಳಗಿನ ಮಕ್ಕಳು ಹೆಡ್ ಮಾಡೋದನ್ನೇ ನಿಲ್ಲಿಸಿತು. ಪ್ರತಿ ಸಲವೂ ಯಾರೋ ಒಬ್ಬರು "ಆಟ ಹಾಳಾಯ್ತು" ಅಂದಿರ್ತಾರೆ. ಆಟ ನಡೀತಾನೇ ಇದೆ.

ನಿಯಮ ಪುಸ್ತಕಕ್ಕಿಂತ ನಮಗೆ ದೊಡ್ಡ ತಲೆನೋವು ಮೈದಾನ. ಹಳೇ ಬೆಂಗಳೂರಿನ ಮೈದಾನಗಳು ನಿಮಗೂ ಗೊತ್ತಲ್ಲ. ಒಂದೇ ಜಾಗದಲ್ಲಿ ನಾಲ್ಕು ಕ್ರಿಕೆಟ್ ಮ್ಯಾಚು, ಒಂದು ಸ್ಕೂಟರ್ ಕಲಿಕೆ, ಗಣೇಶನ ಹಬ್ಬಕ್ಕೆ ಪೆಂಡಾಲು. ಪೆಂಡಾಲಿನವರು ಬಿಟ್ಟುಹೋದ ಗೂಟದ ಗುಂಡಿಗಳು ಮುಂದಿನ ಹಬ್ಬದವರೆಗೆ ಇರ್ತವೆ. ನಮ್ಮ ಮೈದಾನದ ಸರಿಯಾಗಿ ನಡುವೆ ಸಿಮೆಂಟಿನ ಕ್ರಿಕೆಟ್ ಪಿಚ್. ಮಾರ್ಚ್ ಬಂದರೆ ಸುತ್ತಲಿನ ಕೆಮ್ಮಣ್ಣೂ ಅಷ್ಟೇ ಗಟ್ಟಿ. ಗೋಲ್ ಪೋಸ್ಟ್ ಅಂದ್ರೆ ಕಬ್ಬಿಣದ ಪೈಪ್ ವೆಲ್ಡ್ ಮಾಡಿಸಿ ನಿಲ್ಲಿಸಿದ್ದು. ಚಿಕ್ಕ ಹುಡುಗರು ಅದಕ್ಕೆ ಜೋತುಬಿದ್ದು ಉಯ್ಯಾಲೆ ಆಡ್ತಾರೆ. ಪೋಸ್ಟು ನೆಲಕ್ಕೆ ಭದ್ರವಾಗಿರಬೇಕು ಅಂತ ಫುಟ್‌ಬಾಲಿನ ಮೊದಲನೇ ನಿಯಮದಲ್ಲೇ ಇದೆ. ನಮ್ಮದು ಗಾಳಿಗೂ ಅಲ್ಲಾಡ್ತಿತ್ತು.

ಇದೆಲ್ಲ ಬೇಡ, ಟರ್ಫ್‌ಗೆ ಹೋಗೋಣ ಅಂದರು ಕೆಲವರು. ಹೋದೆವು. ಗಂಟೆಗಿಷ್ಟು ಅಂತ ಬಾಡಿಗೆ, ಸುತ್ತ ಬಲೆ, ಮೇಲೆ ಲೈಟು. ನೋಡೋಕೆ ಚೆಂದ. ಆದರೆ ಬಿದ್ದರೆ ಮೊಣಕಾಲಿನ ಚರ್ಮ ಕಿತ್ತು ಬರುತ್ತೆ, ಬಲೆಯ ಕಬ್ಬಿಣದ ಕಂಬ ಗೆರೆಯಿಂದ ಒಂದೇ ಮಾರು ದೂರ. ಇದಕ್ಕಿಂತ ನಮ್ಮ ಮಣ್ಣೇ ವಾಸಿ ಅಂತ ವಾಪಸ್ ಬಂದೆವು.

ಬಂದವರು ನಾಲ್ಕು ಕೆಲಸ ಮಾಡಿದೆವು. ಕೋರ್ಟನ್ನ ಇಪ್ಪತ್ತು ಹೆಜ್ಜೆ ಪಕ್ಕಕ್ಕೆ ಸರಿಸಿ ಸಿಮೆಂಟ್ ಪಿಚ್ ಹೊರಗೆ ಬಿಟ್ಟೆವು. ಕ್ರಿಕೆಟ್‌ನವರ ಜೊತೆ ಎರಡು ವಾರ ಜಗಳ, ಮೂರನೇ ವಾರ ಟೀ, ಏಳೂಮುಕ್ಕಾಲಿಗೆ ಜಾಗ ಬಿಟ್ಟುಕೊಡೋ ಒಪ್ಪಂದ. ಕೋರ್ಟು ಚಿಕ್ಕದಾಯಿತು, ಹಾಗಾಗಿ ಒಂದು ಕಡೆ ಆರೇ ಜನ, ಉಳಿದವರು ಯಾವಾಗ ಬೇಕಾದರೂ ಬದಲಾಗಬಹುದು. ಪಕ್ಕದ ಕಟ್ಟಡದ ಕೆಲಸದವರಿಂದ ಖಾಲಿ ಸಿಮೆಂಟ್ ಚೀಲ ತಂದು ಮಣ್ಣು ತುಂಬಿ, ಪೋಸ್ಟುಗಳ ಹಿಂದಿನ ಪೈಪಿನ ಮೇಲೆ ಹೇರಿದೆವು. ಆಟಕ್ಕೆ ಮೊದಲು ಎಲ್ಲರೂ ಸಾಲಾಗಿ ನಡೆದು ಕಲ್ಲು, ಗಾಜು ಹೆಕ್ಕೋದು.

ನಾಲ್ಕನೆಯದು ನಮಗೆ ಹೊಳೆದದ್ದೇ ತಡವಾಗಿ. ಮೈದಾನದ ದೊಡ್ಡ ಗೇಟಿಗೆ ಯಾವಾಗಲೂ ಬೀಗ. ನಾವು ಪಕ್ಕದ ಸಂದಿಯಲ್ಲಿ ನುಸುಳಿ ಬರೋರು. 108ಕ್ಕೆ ಫೋನ್ ಮಾಡಿದರೆ ಆಂಬುಲೆನ್ಸ್ ಬರುತ್ತೆ, ಆದರೆ ಒಳಗೆ ಬರೋದು ಹೇಗೆ? ವಾಚ್‌ಮನ್ ಹತ್ತಿರ ಮಾತಾಡಿ, ಭಾನುವಾರ ಆ ಗೇಟು ತೆರೆದಿರೋ ಹಾಗೆ ಮಾಡಿಸಿಕೊಂಡೆವು. ಇಬ್ಬರು ಹೋಗಿ ಸಿಪಿಆರ್ ಕಲಿತು ಬಂದರು. 2021ರಲ್ಲಿ ಕೋಪನ್‌ಹೇಗನ್‌ನಲ್ಲಿ ಕ್ರಿಶ್ಚಿಯನ್ ಎರಿಕ್ಸನ್ ಹೃದಯ ನಿಂತು ಕುಸಿದಾಗ ಅವನನ್ನ ಉಳಿಸಿದ್ದು ಮೈದಾನದಲ್ಲೇ ತಕ್ಷಣ ಶುರುವಾದ ಸಿಪಿಆರ್ ಮತ್ತು ಡಿಫಿಬ್ರಿಲೇಟರ್. ನಮ್ಮ ಹತ್ತಿರ ಆ ಯಂತ್ರ ಇಲ್ಲ. ಎರಡು ಜೊತೆ ಕೈಗಳಿವೆ, ತೆರೆದ ಗೇಟಿದೆ.

ಆಟದ ನಿಯಮ ಮೂರೇ. ಸ್ಲೈಡಿಂಗ್ ಟ್ಯಾಕಲ್ ಇಲ್ಲ. ಗೋಲಿ ಬಾಲ್ ಹಿಡಿಯೋಕೆ ಬಗ್ಗಿದಾಗ ಯಾರೂ ನುಗ್ಗಬಾರದು. ತಲೆಗೆ ಪೆಟ್ಟು ಬಿದ್ದವನು ಹೊರಗೆ, ಅವತ್ತಿನ ಮಟ್ಟಿಗೆ ಚರ್ಚೆ ಇಲ್ಲ. ಈ ಮೂರನೆಯದನ್ನ ನಿರ್ಧರಿಸೋದು ಪೆಟ್ಟು ತಿಂದವನಲ್ಲ. ಅವನ ಟೀಮಿನವರೂ ಅಲ್ಲ. ಆಟದ ಹೊರಗಿರೋ ಒಬ್ಬ.

ಆ ಒಬ್ಬ ಈಗ ನಮ್ಮ ಬ್ಯಾಂಕಿನವನು. ನಾಲ್ಕು ತಿಂಗಳ ಮೇಲೆ ವಾಪಸ್ ಬಂದ, ಆದರೆ ಆಡಲ್ಲ. ಸೀಟಿ ಹಿಡಿದು ತಾತನ ಪಕ್ಕ ಕಟ್ಟೆ ಮೇಲೆ ಕೂರ್ತಾನೆ. ಇಬ್ಬರೂ ಸೇರಿ ನಮ್ಮನ್ನ ಬೈತಾರೆ. ನಾನು ಅವನ ಹತ್ತಿರ ಕ್ಷಮೆ ಕೇಳಿದ್ದೆ. "ಬಿಡು ಮಗಾ, ನಾನಾಗಿದ್ರೂ ಹಾಗೇ ಹೇಳ್ತಿದ್ದೆ" ಅಂದ. ಅದು ನಿಜವೇ. ಅದಕ್ಕೇ ನಿಯಮ ಬೇಕಾಗಿದ್ದು.

ಹೋದ ತಿಂಗಳು ಒಂದು ಬಾಲಿಗೆ ನೆಗೆದಾಗ ನನ್ನ ಕಿವಿಯ ಮೇಲೆ ಯಾರದ್ದೋ ಮೊಣಕೈ ಬಡಿಯಿತು. ತಕ್ಷಣ ಎದ್ದೆ. 2-2 ಆಗಿತ್ತು, ನಾನು ಚೆನ್ನಾಗಿ ಆಡ್ತಾ ಇದ್ದೆ, ಆರು ವರ್ಷದಲ್ಲಿ ಅಂಥ ದಿನ ಬರೋದು ಎರಡೋ ಮೂರೋ. ಸೀಟಿ ಕೇಳಿಸಿತು. ಅವನು ಕಟ್ಟೆ ಇಳಿದು ಬಂದು ನನ್ನ ಮುಂದೆ ನಿಂತ.

"ಏನಾಗಿಲ್ಲ ಮಗಾ" ಅಂದೆ.

"ಸ್ಕೋರ್ ಎಷ್ಟು?" ಅಂದ.

ಸರಿಯಾಗಿ ಹೇಳಿದೆ. ಗೋಲು ಹೊಡೆದವರ ಹೆಸರನ್ನೂ ಹೇಳಿದೆ. ಆದರೂ ಭುಜ ಹಿಡಿದು ಹೊರಗೆ ಕರ್ಕೊಂಡು ಹೋಗಿ ಕಟ್ಟೆ ಮೇಲೆ ಕೂರಿಸಿದ. ನಾನು ಗೊಣಗಿದೆ. ತಾತ ಸ್ವಲ್ಪ ಸರಿದು ಜಾಗ ಕೊಟ್ಟರು. ನಮ್ಮ ಟೀಮು 4-2ರಿಂದ ಸೋತಿತು. ರಾತ್ರಿ ಅವನ ಹೆಂಡತಿ ಫೋನ್ ಮಾಡಿ ತಲೆನೋವು ಇದೆಯಾ, ವಾಂತಿ ಆಯ್ತಾ ಅಂತ ವಿಚಾರಿಸಿದರು. ಇಲ್ಲ ಅಂದೆ. ನಿಜಕ್ಕೂ ಏನೂ ಆಗಿರಲಿಲ್ಲ.