ಬೈಗುಳವೆಲ್ಲ ಟೇಪಿಗೆ

ನಾನು ಎಎಸ್/400 ಮೇಲೆ ಕೆಲಸ ಮಾಡ್ತೀನಿ ಅಂದ್ರೆ ಆಫೀಸಿನ ಹೊಸ ಹುಡುಗರು, ‘ಅದಿನ್ನೂ ಬದುಕಿದ್ಯಾ ಅಕ್ಕಾ?’ ಅಂತ ನಗ್ತಾರೆ. 1988ರಲ್ಲಿ ಐಬಿಎಂ ತಂದ ಯಂತ್ರ. ಹೆಸರು ಹಲವು ಸಲ ಬದಲಾದರೂ ಎಷ್ಟೋ ಕಾರ್ಖಾನೆಗಳ ಸಂಬಳದ ಲೆಕ್ಕ ಇವತ್ತಿಗೂ ಅದರ ಹಸಿರು ಅಕ್ಷರಗಳಲ್ಲೇ ನಡೆಯುತ್ತೆ.

ಅಂಥದ್ದೊಂದು ಕಾರ್ಖಾನೆ ಇನ್ನೂ ವಿ5ಆರ್4ನಲ್ಲಿತ್ತು. ನಮ್ಮ ಯಂತ್ರ 7.1. ಓವರ್‌ಟೈಮ್ ಲೆಕ್ಕದ ಎರಡು ಪ್ರೋಗ್ರಾಂ ಕಳಿಸಿದ್ವಿ, ಬೆಳಗ್ಗೆ ಸಂಬಳ ಆಗಬೇಕು. ರಾತ್ರಿ ಫೋನು: ‘ಮೇಡಂ, ರಿಸ್ಟೋರ್ ಆಗ್ತಿಲ್ಲ, ಟೇಪ್ ಕೆಟ್ಟಿದೆ.’

ಎಲ್ಲರೂ ಮೊದಲು ಟೇಪನ್ನೇ ಬೈಯೋದು. ಪಾಪ, ಅದು ಕೆಟ್ಟಿರೋದು ಅಪರೂಪ. ‘ಜಾಬ್ ಲಾಗ್ ತೆಗೀರಿ, ಮೆಸೇಜ್ ಮೇಲೆ ಕರ್ಸರ್ ಇಟ್ಟು ಎಫ್1 ಒತ್ತಿ’ ಅಂದೆ. ಸಿಪಿಎಫ್3743. ಹೊಸ ರಿಲೀಸ್‌ನಲ್ಲಿ ಸೇವ್ ಮಾಡಿದ್ದನ್ನ ಹಳೇದು ಓದಲ್ಲ ಅನ್ನೋದೇ ಅಲ್ಲಿನ ಕಥೆ.

ಸೇವ್ ಮಾಡುವಾಗ ಟಾರ್ಗೆಟ್ ರಿಲೀಸ್ ವಿ5ಆರ್4ಎಂ0 ಅಂತ ಕೊಟ್ಟರೆ ಮುಗೀತು ಅಂತ ಬಹಳ ಜನ ಅಂದ್ಕೋತಾರೆ. ಅರ್ಧ ನಿಜ. ಪ್ರೋಗ್ರಾಂ ಕಂಪೈಲ್ ಆದಾಗಲೇ ಹಳೇ ರಿಲೀಸಿಗೆ ಅಂತ ಹೇಳಿರದಿದ್ದರೆ ಸೇವ್ ಕಮಾಂಡ್ ಅದನ್ನ ಬಿಟ್ಟೇ ಬಿಡುತ್ತೆ. ಪ್ರೋಗ್ರಾಂ ಎಷ್ಟು ಹಳೇ ರಿಲೀಸ್‌ವರೆಗೆ ಓಡುತ್ತೆ ಅಂತ ಡಿಎಸ್‌ಪಿಪಿಜಿಎಂ ತೋರಿಸುತ್ತೆ. ಕಳಿಸೋ ಮುಂಚೆ ಅದೊಂದು ನೋಡಿದ್ರೆ ಅರ್ಧ ರಾತ್ರಿ ನಿದ್ದೆ ಉಳಿಯುತ್ತೆ.

ಅಂದ್ರೆ ಮತ್ತೆ ಕಂಪೈಲ್ ಮಾಡಬೇಕು, ಅದಕ್ಕೆ ಸೋರ್ಸ್ ಬೇಕು. ಆರ್‌ಪಿಜಿಯದ್ದು ಸಿಕ್ತು. ಅದನ್ನ ಕರೆಯೋ ಸಿಎಲ್ ಪ್ರೋಗ್ರಾಂದು ಯಾವುದೋ ಕ್ಲೀನಪ್‌ನಲ್ಲಿ ಹೋಗಿತ್ತು. ಬರೆದಿದ್ದ ಸರ್ ನಿವೃತ್ತರಾಗಿ ಊರು ಸೇರಿದ್ರು. ಆಗ ನೆರವಿಗೆ ಬಂದದ್ದು ಆರ್‌ಟಿವಿಸಿಎಲ್‌ಎಸ್‌ಆರ್‌ಸಿ. ಸಿಎಲ್ ಕಂಪೈಲ್ ಮಾಡುವಾಗ ಬೇಡ ಅಂತ ಯಾರೂ ಹೇಳಿರದಿದ್ರೆ ಪ್ರೋಗ್ರಾಂ ಹೊಟ್ಟೆಯೊಳಗಿಂದಲೇ ಸೋರ್ಸ್ ಎತ್ತಿಕೊಡುತ್ತೆ. ಆರ್‌ಪಿಜಿಗೆ ಈ ಭಾಗ್ಯ ಇಲ್ಲ. ಕಳೆದಿದ್ದು ಅದರ ಸೋರ್ಸ್ ಆಗಿದ್ರೆ ಆ ಬೆಳಗ್ಗೆ ಸಂಬಳ ಇರ್ತಿರಲಿಲ್ಲ.

ಎರಡನ್ನೂ ವಿ5ಆರ್4ಎಂ0ಗೆ ಕಂಪೈಲ್ ಮಾಡಿ, ಅದೇ ಟಾರ್ಗೆಟ್‌ಗೆ ಸೇವ್ ಮಾಡಿ ಕಳಿಸಿದೆ. ಐದು ಗಂಟೆಗೆ ರಿಸ್ಟೋರ್ ಆಯ್ತು.

ಹಾಗೆ ಎತ್ತಿದ ಸೋರ್ಸಿನಲ್ಲಿ ಒಂದೂ ಕಾಮೆಂಟ್ ಇರಲಿಲ್ಲ. ಯಾವ ಸಾಲು ಯಾಕೆ ಅಂತ ಕೇಳೋಕೆ ಭಾನುವಾರ ಸರ್‌ಗೇ ಫೋನ್ ಮಾಡಿದೆ. ಒಂದೊಂದೇ ಸಾಲು ಓದಿಸಿಕೊಂಡು ಕಾರಣ ಹೇಳಿದ್ರು, ನಾನು ಬರ್ಕೊಂಡೆ. ಮಧ್ಯೆ ಒಂದು ಕಡೆ ಸುಮ್ಮನಾಗಿ, ‘ಅದು ಯಾಕೆ ಹಾಕಿದ್ನೋ ನಂಗೂ ನೆನಪಿಲ್ಲಮ್ಮ, ಆದ್ರೆ ತೆಗೀಬೇಡ’ ಅಂದ್ರು.