ಹಳೇ ಸಾಮಾನು, ಭಾಗ 6: ಪಖಾಲಿ

ಮೊದಲನೇ ಫೋಟೋ ಝೂಮ್ ಮಾಡಿ ನೋಡ್ರಿ. ಅಫಜಲಪುರ ತಾಲೂಕಿನ ನಮ್ಮೂರಾಗ ಮೊಹರಂ ದಿವಸ ತೆಗೆದದ್ದು. ಪಂಜಾದ ಕೆಳಗ ಒಂದು ಸಣ್ಣ ಚೀಲ ಕಟ್ಟ್ಯಾರ, ಕಂಡಿತೇನು? ಅಂಗೈಯಷ್ಟು ಅದ, ಅಂಚಿಗೆ ಜರಿ. ಸಣ್ಣವನಿದ್ದಾಗ ಅದರಾಗ ಊದು ಇಟ್ಟಿರ್ತಾರ ಅಂದ್ಕೊಂಡಿದ್ದೆ. ಅದು ಮಶಕ, ಅಂದ್ರ ಚರ್ಮದ ನೀರಿನ ಚೀಲದ ಗುರುತು.

680ರಲ್ಲಿ ಕರ್ಬಲಾದೊಳಗ ಯೂಫ್ರೆಟಿಸ್ ನದಿ ಹತ್ತಿರದಲ್ಲೇ ಹರೀತಿತ್ತು. ಆದರೆ ಹುಸೇನರ ಬಿಡಾರದ ಮಕ್ಕಳಿಗೆ ಕುಡಿಯಾಕ ನೀರಿರಲಿಲ್ಲ. ಅವರ ತಮ್ಮ ಅಬ್ಬಾಸ ಮಶಕ ತುಂಬಿಕೊಂಡು ತಿರುಗಿ ಬರುವಾಗ ಎರಡೂ ಕೈ ಕಡಿದರಂತೆ, ಬಾಣ ನೆಟ್ಟು ನೀರೆಲ್ಲ ಸೋರಿಹೋಯಿತಂತೆ. ಅದಕ್ಕೇ ಅವರ ನಿಶಾನೆಗೆ ಮಶಕ ಕಟ್ಟೋದು. ನಮ್ಮೂರಾಗ ರಿವಾಯತ್ ಪದ ಹಾಡೋರು ಎಲ್ಲ ಜಾತಿಯವರೂ ಅದಾರ. ಕಥೆ ಈ ಜಾಗಕ್ಕ ಬಂದಾಗ ಎಲ್ಲರ ದನಿನೂ ತಗ್ಗತದ.

ಎರಡನೇದು ನಾನೇ ಬಿಡಿಸಿದ ಪೆನ್ಸಿಲ್ ಚಿತ್ರ. ತುರ್ಕಿಯ ಒಟ್ಟೋಮನ್ ಸುಲ್ತಾನರ 'ಮತಾರಾ'. ಚರ್ಮದ ಮೇಲೆ ಬಂಗಾರದ ದಾರದ ಕಸೂತಿ. ಸುಲ್ತಾನ ಹೊರಗೆ ಹೊರಟರೆ ಇದನ್ನು ಹಿಡಿದು ಜೊತೆಗೆ ನಡೆಯಲು ಒಬ್ಬ ಸೇವಕ ಬೇರೆ. ಇಂಥವು ಈಗ ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆ ಮ್ಯೂಜಿಯಂನಾಗ ಗಾಜಿನ ಹಿಂದ ಅದಾವ.

ಆದರ ದಂಡಿಗೆ ನೀರು ಕುಡಿಸಿದ್ದು ಕಸೂತಿ ಇಲ್ಲದ ಚೀಲ. ಇಡೀ ಆಡಿನ ಚರ್ಮ ಹದಮಾಡಿ, ಕಾಲಿನ ಕಡೆ ಹೊಲಿದು, ಕುತ್ತಿಗೆಯನ್ನೇ ಬಾಯಿ ಮಾಡಿದರೆ ಮಶಕ. ಚರ್ಮ ಸ್ವಲ್ಪ ಸ್ವಲ್ಪ ಜಿನುಗಿ ಆರತದ, ಅದಕ್ಕ ಒಳಗಿನ ನೀರು ತಣ್ಣಗ. ದೊಡ್ಡ ಚರ್ಮದ್ದು ಮಾಡಿ ಎತ್ತಿನ ಬೆನ್ನಿನ ಎರಡೂ ಕಡೆ ಇಳಿಬಿಟ್ಟರೆ ಪಖಾಲಿ. ಮಶಕ ಹೊತ್ತವನು ಭಿಸ್ತಿ. ಬ್ರಿಟಿಷರ ಪಲ್ಟಣದಾಗೂ ಇದ್ದ. ಹಾಸ್ಟೆಲ್‌ನ 20 ಲೀಟರ್ ಕ್ಯಾನ್ ಹೆಗಲಿಗೆ ಹಾಕ್ಕೊಂಡು ಗುಂಡು ಹಾರುವ ಕಡೆ ನಡೆಯೋದು ನೆನಸ್ಕೋರಿ. ಜೇವರ್ಗಿ ಬಸ್ಸಿನಾಗ ಹೋಗುವಾಗ ಫಿರೋಜಾಬಾದ್ ಬರ್ತದಲ್ಲ, ಬಹಮನಿ ಸುಲ್ತಾನ ಫಿರೋಜ್ ಶಾಹ ಭೀಮಾ ದಂಡೆಗೆ ಕಟ್ಟಿಸಿದ ಊರು? ಅಲ್ಲಿನ ಪಾಳುಗೋಡೆ ಕಂಡಾಗೆಲ್ಲ ನನಗ ಈಗ ಸುಲ್ತಾನನಿಗಿಂತ ಹೊಳಿಯಿಂದ ನೀರು ಏರಿಸಿದವರ ನೆನಪೇ ಬರ್ತದ.

'ಭಿಸ್ತಿ' ಅನ್ನೋದು ಪಾರ್ಸಿಯ 'ಬಿಹಿಷ್ತ್' ಶಬ್ದದಿಂದ ಬಂದದ್ದು. ಬಿಹಿಷ್ತ್ ಅಂದ್ರ ಸ್ವರ್ಗ. 1539ರಲ್ಲಿ ಚೌಸಾ ಯುದ್ಧದಲ್ಲಿ ಸೋತು ಗಂಗೆಯಲ್ಲಿ ಮುಳುಗುತ್ತಿದ್ದ ಹುಮಾಯೂನನನ್ನು ಒಬ್ಬ ಭಿಸ್ತಿ ಗಾಳಿ ತುಂಬಿದ ಮಶಕದ ಮೇಲೆ ದಡ ಸೇರಿಸಿದ. ಬಾದಶಹ ಅವನನ್ನು ಸ್ವಲ್ಪ ಹೊತ್ತು ತಖ್ತಿನ ಮೇಲೆ ಕೂರಿಸಿದನಂತೆ.

ನಾವು ಏನು ಮಾಡಿದ್ವಿ ಗೊತ್ತಲ್ಲ?

ನಮ್ಮ ಕ್ಲಾಸಿನಾಗ ಆಳಂದದ ಹುಡುಗ ಒಬ್ಬನಿದ್ದ. ಅಡ್ಡಹೆಸರು ಪಖಾಲಿ. ಹಾಜರಿ ಕೂಗಿದಾಗೆಲ್ಲ ಹಿಂದಿನ ಬೆಂಚಿನಿಂದ "ಏ ಪಖಾಲಿ, ನೀರ್ ತಾರೋ" ಅಂತ ಒಂದು ದನಿ. ಎಲ್ಲರೂ ನಗ್ತಿದ್ವಿ, ಅವನೂ ನಗ್ತಿದ್ದ. ಆ ದನಿ ಎಷ್ಟೋ ಸಲ ನಂದೇ ಇತ್ತು.

ಹೋದ ವಾರ ನೋಡಿದೆ, ಅವನ ಪ್ರೊಫೈಲ್‌ನಾಗ ಅಡ್ಡಹೆಸರಿಲ್ಲ. ಫೋನ್ ಹಚ್ಚಿ ತಪ್ಪಾಯ್ತು ಅಂದೆ. "ಬಿಡಪಾ, ಹೆಸರು ಉದ್ದ ಆಗ್ತಿತ್ತು, ತೆಗದೆ" ಅಂದ. ಮೂರಕ್ಷರ ಎಷ್ಟು ಉದ್ದ ಆಗ್ತದ? ಭಿಸ್ತಿ ಪದದ ಅರ್ಥ ಹೇಳಿದೆ. "ಗೊತ್ತದ. ನಮ್ಮಜ್ಜ ಹೇಳ್ತಿದ್ದ. ಆವಾಗ ನಿಮಗ ಹೇಳಿದ್ರ ಕೇಳ್ತಿದ್ರೇನು?" ಅಂದ. ನನ್ನ ಹತ್ರ ಉತ್ತರ ಇರಲಿಲ್ಲ.

ಅವನನ್ನ ಕೇಳೇ ಇದನ್ನ ಹಾಕೀನಿ. ಟ್ಯಾಗ್ ಮಾಡಬ್ಯಾಡ ಅಂದಾನ, ಮಾಡಿಲ್ಲ. ನಮ್ಮ ಬ್ಯಾಚಿನವರಿಗೆ ಯಾರಂತ ತಿಳಿದೇ ತಿಳೀತದ. ಕಾಮೆಂಟಿನಾಗ ಅವನ ಹೆಸರು ಬರೀಬ್ಯಾಡ್ರಿ. ನಂಬರ್ ಇದ್ರ ಒಂದು ಫೋನ್ ಹಚ್ಚರಿ.

ಉಳಿದವರು ಮನ್ಯಾಗ ಅಜ್ಜ, ಅಮ್ಮನ್ನ ಕೇಳ್ರಿ, ಪಖಾಲಿ ಎತ್ತು ಓಣಿಗೆ ಬರೋದು ನೋಡ್ಯಾರೇನು ಅಂತ. ಅವರು ಹೇಳಿದ್ದು ಕೆಳಗ ಬರೀರಿ.

#ಹಳೇಸಾಮಾನು #ಮಶಕ #ಕಲಬುರಗಿ