ಆನೆಗೂ ಮೀಸೆ ಬರುತ್ತೆ!

ಯುಗಾದಿ ಮುಗಿದ ಮೊದಲ ಭಾನುವಾರ. ಬೆಳಗಿನ ಐದು ಗಂಟೆಗೇ ಬಾಗಿಲು ತಟ್ಟಿದವನು ಗಾಂಧಿನಗರದ ನನ್ನ ಗೆಳೆಯ. ಆರು ವರ್ಷದಿಂದ ಸಹಾಯಕ ನಿರ್ದೇಶಕ. "ಗುರೂ, ಗಾಡಿ ತೆಗಿ. ಕನ್ನಂಬಾಡಿ ನೋಡ್ಕೊಂಡು ಬರೋಣ. ವಾಪಸ್ ಬರೋವಾಗ ಮಂಡ್ಯದಲ್ಲಿ ನನ್ನ ಇಳಿಸಿಬಿಡು. ಅಣ್ಣನ ಗೊಬ್ಬರದಂಗಡೀಲಿ ಕೂತ್ಕೋತೀನಿ. ಸಿನಿಮಾ ಸಾಕು!" ಹೆಗಲಲ್ಲಿ ಬಟ್ಟೆ ಚೀಲ. ತಮಾಷೆ ಅಲ್ಲ ಅಂತ ಗೊತ್ತಾಯಿತು.

ಹೊಸ ಮೈಸೂರು ಹೆದ್ದಾರಿಯ ನಡು ರಸ್ತೆಗೆ 2023ರ ಆಗಸ್ಟ್‌ನಿಂದ ಬೈಕುಗಳನ್ನು ಬಿಡುವುದಿಲ್ಲ. ಕಾರಿನವರು ಮೇಲೆ ಹಾರಲಿ ಬಿಡಿ, ಪಕ್ಕದ ಸರ್ವಿಸ್ ರಸ್ತೆಯಲ್ಲಿ ಹೊಂಗೆ ಹೂವಿನ ವಾಸನೆ ನಮಗೇ ಸಿಕ್ಕಿತು. ರಾಮನಗರದಲ್ಲಿ ಚಹಾ. ಎದುರಿಗೆ ಬಂಡೆ ಬೆಟ್ಟಗಳು. 1973ರಲ್ಲಿ 'ಶೋಲೆ' ಚಿತ್ರೀಕರಣ ಶುರುವಾದದ್ದು ಇಲ್ಲೇ, ತೆರೆ ಕಂಡದ್ದು 1975ರ ಆಗಸ್ಟ್ 15ಕ್ಕೆ. "ಗಬ್ಬರ್ ಯಾರು ಅಂದ್ರೆ ಮಗು ಕೂಡ ಹೇಳುತ್ತೆ. ಈ ಬಂಡೆ ಮಧ್ಯೆ ಒಂದು ಊರನ್ನೇ ಕಟ್ಟಿ ನಿಲ್ಲಿಸಿದ ಕಲಾ ನಿರ್ದೇಶಕ ರಾಮ್ ಯೇಡೇಕರ್. ಯಾರಿಗ್ ಗೊತ್ತು ಹೇಳು?" ಎಂದ ಗೆಳೆಯ. ನಾನು ಸುಮ್ಮನೆ ಲೋಟ ಕೆಳಗಿಟ್ಟೆ.

ಶ್ರೀರಂಗಪಟ್ಟಣ ದಾಟಿ ಬಲಕ್ಕೆ ಹೊರಳಿದರೆ ಕನ್ನಂಬಾಡಿ, ಅಣೆಕಟ್ಟಿನ ಕೆಳಗೆ ಬೃಂದಾವನ. ಚಿತ್ರರಸಿಕರಿಗೆ ಇದರ ಪರಿಚಯ ಮಾಡಿಸಬೇಕೆ? ಕನ್ನಡ, ತಮಿಳು, ತೆಲುಗು, ಹಿಂದಿ... ಎಷ್ಟು ಯುಗಳ ಗೀತೆಗಳ ನಾಯಕ-ನಾಯಕಿಯರು ಈ ಮೆಟ್ಟಿಲುಗಳ ಮೇಲೆ ಓಡಿಲ್ಲ! ದಿವಾನ್ ಮಿರ್ಜಾ ಇಸ್ಮಾಯಿಲ್ ಕಾಲದಲ್ಲಿ, 1927ರಿಂದ 1932ರವರೆಗೆ, ಸುಮಾರು 60 ಎಕರೆಯಲ್ಲಿ ಎದ್ದ ತೋಟ. ನಕ್ಷೆ ಹಾಕಿದ್ದು ಜರ್ಮನಿಯ ಕ್ರುಂಬಿಗೆಲ್.

ಜನ ಬರುವುದು ಕಾರಂಜಿ ದೀಪಕ್ಕೆ. ನಾವು ಹೋದಾಗ ಉರಿಬಿಸಿಲು. ಹುಲ್ಲು ಹಾಸಿನ ಮೇಲೆ ಗಿಡವನ್ನೇ ಕತ್ತರಿಸಿ ಮಾಡಿದ ಒಂದು ಆನೆ, ಅದರ ಪಕ್ಕದಲ್ಲಿ ಮುಂಡಾಸು ಕಟ್ಟಿದ ಮಾಲಿ. ಕೈಯಲ್ಲಿ ಎರಡು ಹಿಡಿಯ ದೊಡ್ಡ ಕತ್ತರಿ. ಒಳಗೆ ತಂತಿಯ ಚೌಕಟ್ಟು, ಅದರ ಮೇಲೆ ಹಬ್ಬಿದ ಎಲೆ. ಹೊರಗೆ ಬಂದ ಒಂದೊಂದು ಚಿಗುರನ್ನೂ ಸವರಿ, ಎರಡು ಹೆಜ್ಜೆ ಹಿಂದೆ ಸರಿದು, ಕಣ್ಣು ಕಿರಿದು ಮಾಡಿ ನೋಡಿ, ಮತ್ತೆ ಸವರುತ್ತಿದ್ದ. ನಮ್ಮ ಛಾಯಾಗ್ರಾಹಕರು ಲೈಟ್ ನೋಡುವಾಗ ನಿಲ್ಲುವ ಹಾಗೆಯೇ!

"ಎಷ್ಟು ದಿನಕ್ಕೊಂದು ಸಲ ಕತ್ತರಿಸ್ತೀರಿ?" ಕೇಳಿದ ಗೆಳೆಯ.

"ಹದಿನೈದು ದಿವ್ಸ ಬುಟ್ರೆ ಆನೆಗೂ ಮೀಸೆ ಬತ್ತದೆ ಕಣಪ್ಪ. ಎರಡು ತಿಂಗ್ಳು ಬುಟ್ರೆ ಆನೇನೂ ಇಲ್ಲ, ಸೊಂಡ್ಲೂ ಇಲ್ಲ, ಬರೀ ಪೊದೆ. ಈ ಹೊಸ ಎಲೆ ಕಾಲದಾಗಂತೂ ಕತ್ತರಿ ಕೆಳಗಿಡಂಗಿಲ್ಲ."

ವಸಂತ ಬಂತು ಅಂತ ನಾವು ಕುಣಿದರೆ, ಈ ಮಾಲಿಗೆ ಡಬಲ್ ಡ್ಯೂಟಿ.

"ಇಲ್ಲಿ ಶೂಟಿಂಗ್ ಆದಾಗ ನಿಮ್ಮನ್ನೂ ತೋರಿಸಿದಾರಾ?"

"ನಮ್ಮನ್ನ ಆಚೆಗೆ ಕಳುಸೋರು. ಆದ್ರೆ ಆನೆ ಬಂದದೆ!" ಎಂದು ಬಾಯ್ತುಂಬ ನಕ್ಕ.

ಗೆಳೆಯ ನಗಲಿಲ್ಲ. ಆರು ವರ್ಷದಲ್ಲಿ ಅವನ ಹೆಸರು ತೆರೆಯ ಮೇಲೆ ಬಂದದ್ದು ನಾಲ್ಕು ಸಲ, ಅದೂ ಕೊನೆಯಲ್ಲಿ ಓಡುವ ಸಣ್ಣಕ್ಷರಗಳಲ್ಲಿ. ಆ ಹೊತ್ತಿಗೆ ನೀವು, ಹೌದು ಓದುಗ ಮಿತ್ರರೇ, ನೀವೇ, ಸ್ಟ್ಯಾಂಡಿನಲ್ಲಿ ಗಾಡಿ ತೆಗೆಯುವ ಗಡಿಬಿಡಿಯಲ್ಲಿರುತ್ತೀರಿ. ನಾಯಕನ ಶರಟಿನ ಗುಂಡಿ ಹಿಂದಿನ ಶಾಟಿನಲ್ಲಿ ಹಾಕಿತ್ತೋ ಬಿಚ್ಚಿತ್ತೋ ಎಂದು ನೆನಪಿಟ್ಟುಕೊಳ್ಳುವುದು ಅವನ ಕೆಲಸ. ಸರಿಯಾಗಿದ್ದರೆ ಯಾರಿಗೂ ಕಾಣದು. ತಪ್ಪಿದರೆ ಇಡೀ ಚಿತ್ರಮಂದಿರಕ್ಕೆ ಕಾಣುತ್ತದೆ.

ಅವನು ಆನೆಯ ಕಾಲ ಬಳಿ ಉದುರಿದ್ದ ಚಿಗುರನ್ನು ಬಾಚಿ ಮಾಲಿಯ ಬುಟ್ಟಿಗೆ ತುಂಬತೊಡಗಿದ. ಮಾಲಿ ಬೇಡ ಅನ್ನಲಿಲ್ಲ. ಸಂಜೆ ಕಾರಂಜಿಗೆ ದೀಪ ಹತ್ತಿ ಜನ ಆ ಕಡೆ ಓಡಿದಾಗಲೂ ಇಬ್ಬರೂ ಕತ್ತರಿಯ ಸಾಣೆ ವಿಷಯ ಮಾತಾಡುತ್ತಾ ಕೂತಿದ್ದರು.

ವಾಪಸ್ ಬರುವಾಗ ಮಂಡ್ಯ ಬಂತು. ನಾನು ಬೇಕೆಂದೇ ವೇಗ ತಗ್ಗಿಸಿದೆ. ಹಿಂದಿನಿಂದ ಮಾತಿಲ್ಲ. ಸಕ್ಕರೆ ಕಾರ್ಖಾನೆ ಕಡೆಯ ತಿರುವು ಕಳೆಯಿತು, ಊರ ದೀಪಗಳೂ ಕಳೆದವು.

ಮದ್ದೂರಿನಲ್ಲಿ ವಡೆ ಮುರಿಯುತ್ತಾ ಎಂದ: "ಬೇಗ ತಿನ್ನಲೇ, ನಾಳೆ ಏಳು ಗಂಟೆಗೆ ಡಬ್ಬಿಂಗ್ ಇದೆ."